ಐದು ಸ್ಟಾರ್ ಇದ್ದರೆ ಕರೆಂಟ್ ಬಿಲ್ ಅರ್ಧ ಆಗುತ್ತಾ? ಸ್ಟಾರ್ ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬೇಸಿಗೆ ಶುರುವಾಗುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಕರೆಂಟ್ ಉಳಿಸುವ ಫಾರ್ವರ್ಡ್‌ಗಳು ಬರತೊಡಗುತ್ತವೆ. ‘ಐದು ಸ್ಟಾರ್ ಇರುವುದನ್ನೇ ತಗೊಳ್ಳಿ, ಬಿಲ್ ಅರ್ಧ ಆಗುತ್ತೆ’ ಎಂದು ಒಂದು. ‘ಸ್ಟಾರ್ ಎಲ್ಲ ಕಂಪನಿಯವರ ನಾಟಕ’ ಎಂದು ಇನ್ನೊಂದು. ‘ಈ ಸಣ್ಣ ಡಬ್ಬಿ ಪ್ಲಗ್‌ಗೆ ಹಾಕಿದರೆ ಮೀಟರ್ ನಿಧಾನ ತಿರುಗುತ್ತೆ’ ಎಂದು ಮತ್ತೊಂದು. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಅರ್ಧ ನಿಜವಾಗಿರುವುದನ್ನು ಗುರುತಿಸುವುದು ಹೆಚ್ಚು ಕಷ್ಟ.

ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕಮ್ಮ ಅಂಥದ್ದೊಂದು ಡಬ್ಬಿಯನ್ನು ಆನ್‌ಲೈನ್‌ನಲ್ಲಿ ತರಿಸಿದ್ದರು. ‘ಇನ್ನೇನು, ಮಿಷನ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಮನೆಯವರೆಲ್ಲ ಗೀಸರ್ ಮತ್ತು ಫ್ಯಾನ್ ಬಗ್ಗೆ ಯೋಚಿಸುವುದನ್ನೇ ಬಿಟ್ಟರು. ಆ ತಿಂಗಳು ಮೀಟರ್ 206 ಯೂನಿಟ್ ತೋರಿಸಿತು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಪೂರ್ತಿ 206 ಯೂನಿಟ್‌ನ ಬಿಲ್ ಬಂತು. ಡಬ್ಬಿಯ ದುಡ್ಡೂ ಹೋಯಿತು, ಬಿಲ್‌ನ ದುಡ್ಡೂ ಹೋಯಿತು.

ಹಾಗಾಗಿ ಈ ಲೇಖನ. ಸರ್ಕಾರದ ಸ್ಟಾರ್ ಲೇಬಲ್ ಎಂದರೇನು, ಅದನ್ನು ಓದುವುದು ಹೇಗೆ, ಯಾವ ಫಾರ್ವರ್ಡ್ ನಂಬಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ

• ಸ್ಟಾರ್ ಲೇಬಲ್ ಜಾಹೀರಾತಲ್ಲ. ಅದು 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದಿರುವ ವ್ಯವಸ್ಥೆ.
• ಸ್ಟಾರ್ ಹೇಳುವುದು ವಿದ್ಯುತ್ ದಕ್ಷತೆಯನ್ನು ಮಾತ್ರ. ಬಾಳಿಕೆ, ಸುರಕ್ಷತೆ, ಸರ್ವಿಸ್ ಬಗ್ಗೆ ಅದು ಏನೂ ಹೇಳುವುದಿಲ್ಲ.
• ಸ್ಟಾರ್‌ಗೆ ಅವಧಿ ಇದೆ. ಹಳೆಯ 5 ಸ್ಟಾರ್ ಇಂದಿನ 5 ಸ್ಟಾರ್‌ಗೆ ಸಮ ಅಲ್ಲ.
• ಸ್ಟಾರ್ ಎಷ್ಟಿದೆ ಎಂಬುದಕ್ಕಿಂತ ಲೇಬಲ್ ಮೇಲಿನ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂಬ ಸಂಖ್ಯೆ ಮುಖ್ಯ.
• ಪ್ಲಗ್‌ಗೆ ಹಾಕುವ ‘ಪವರ್ ಸೇವರ್’ ಡಬ್ಬಿಗಳಿಂದ ಮನೆಯ ಬಿಲ್ ಇಳಿಯುವುದಿಲ್ಲ.

ಸ್ಟಾರ್ ಕೊಡುವವರು ಯಾರು?

ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಚಿಕ್ಕದಾಗಿ ಬಿಇಇ. ಇದು ಕೇಂದ್ರ ವಿದ್ಯುತ್ ಸಚಿವಾಲಯದ ಅಡಿಯಲ್ಲಿರುವ ಸಂಸ್ಥೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ 2002ರ ಮಾರ್ಚ್ 1ರಂದು ಇದು ಅಸ್ತಿತ್ವಕ್ಕೆ ಬಂತು. ಸ್ಟಾರ್ ಲೇಬಲ್ ಕಾರ್ಯಕ್ರಮ ಶುರುವಾದದ್ದು 2006ರ ಮೇ ತಿಂಗಳಲ್ಲಿ.

ಮೊದಮೊದಲು ಇದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಬೇಕಾದವರು ಲೇಬಲ್ ಹಾಕಿಸಿಕೊಳ್ಳಬಹುದಿತ್ತು. 2010ರ ಜನವರಿಯಿಂದ ಫ್ರಾಸ್ಟ್ ಫ್ರೀ ಫ್ರಿಜ್, ಎಸಿ, ಟ್ಯೂಬ್‌ಲೈಟ್ ಮತ್ತು ಬೀದಿಯಲ್ಲಿ ಕಾಣುವ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳಿಗೆ ಕಡ್ಡಾಯವಾಯಿತು. ಆಮೇಲೆ ಟಿವಿ, ಸ್ಟೋರೇಜ್ ಗೀಸರ್ ಮುಂತಾದವು ಸೇರಿದವು. 2018ರಿಂದ ಎಲ್‌ಇಡಿ ಬಲ್ಬ್ ಮತ್ತು ಇನ್ವರ್ಟರ್ ಎಸಿಗಳಿಗೂ ಕಡ್ಡಾಯವಾಯಿತು. ಸೀಲಿಂಗ್ ಫ್ಯಾನ್‌ಗೆ 2023ರ ಜನವರಿಯಿಂದ.

ಕಡ್ಡಾಯ ಎಂದರೆ ಎರಡು ಅರ್ಥ. ಒಂದು, ಲೇಬಲ್ ಇಲ್ಲದೆ ಮಾರುವಂತಿಲ್ಲ. ಎರಡು, 1 ಸ್ಟಾರ್‌ನ ಮಟ್ಟವೂ ಇಲ್ಲದ ಮಾಡೆಲ್ ಮಾರುಕಟ್ಟೆಗೆ ಬರುವಂತಿಲ್ಲ. ಅಂದರೆ 1 ಸ್ಟಾರ್ ಎಂಬುದು ‘ಫೇಲ್’ ಅಲ್ಲ, ‘ಜಸ್ಟ್ ಪಾಸ್’. ನಿಯಮ ಮೀರಿದವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಕರ್ನಾಟಕದಲ್ಲಿ ಈ ಕಾಯ್ದೆಯ ಜಾರಿಗೆ ನೇಮಕವಾಗಿರುವ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ.

‘ಕಂಪನಿಯವರೇ ಸ್ಟಾರ್ ಹಾಕಿಕೊಳ್ಳುತ್ತಾರೆ’ — ನಿಜವೇ?

ಅರ್ಧ ನಿಜ. ಬಿಇಇ ಸಿಬ್ಬಂದಿ ಪ್ರತಿಯೊಂದು ಫ್ರಿಜ್ ತೆಗೆದು ಪರೀಕ್ಷೆ ಮಾಡುವುದಿಲ್ಲ. ಕಂಪನಿ ತನ್ನ ಮಾಡೆಲನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫಲಿತಾಂಶದ ಜೊತೆ ಬಿಇಇಗೆ ಅರ್ಜಿ ಹಾಕುತ್ತದೆ. ಬಿಇಇ ಅದನ್ನು ನೋಂದಾಯಿಸಿದ ಮೇಲೆ ಲೇಬಲ್ ಅಂಟಿಸಬಹುದು.

ಹಾಗಾದರೆ ಸುಳ್ಳು ಹೇಳಿದರೆ? ಅದಕ್ಕಾಗಿ ‘ಚೆಕ್ ಟೆಸ್ಟಿಂಗ್’ ಇದೆ. ಮಾರುಕಟ್ಟೆಯಿಂದಲೇ ಮಾದರಿಗಳನ್ನು ತೆಗೆದುಕೊಂಡು ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಮೊದಲ ಸಲ ಫೇಲ್ ಆದರೆ ಹೆಚ್ಚು ಮಾದರಿಗಳನ್ನು ತೆಗೆದುಕೊಂಡು ಎರಡನೇ ಸಲ ಪರೀಕ್ಷೆ. ಅದರಲ್ಲೂ ಫೇಲ್ ಆದರೆ ಕಂಪನಿ ಲೇಬಲ್ ಸರಿಪಡಿಸಬೇಕು ಅಥವಾ ಆ ಮಾಡೆಲ್ ಹಿಂದಕ್ಕೆ ಪಡೆಯಬೇಕು. ಫೇಲ್ ಆದ ಮಾಡೆಲ್‌ನ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲು ಕೂಡ ನಿಯಮವಿದೆ.

ಆದ್ದರಿಂದ ಸ್ಟಾರ್ ಕಂಪನಿಯ ಘೋಷಣೆ ಎಂಬುದು ಸರಿ. ಆದರೆ ಅದು ಕಾನೂನಿಗೆ ಉತ್ತರ ಕೊಡಬೇಕಾದ ಘೋಷಣೆ. ನಿಮಗೆ ಅನುಮಾನ ಬಂದರೆ ಬಿಇಇಯ ‘ಸ್ಟಾರ್ ಲೇಬಲ್’ ಮೊಬೈಲ್ ಆ್ಯಪ್‌ನಲ್ಲಿ ಆ ಬ್ರ್ಯಾಂಡ್ ಮತ್ತು ಮಾಡೆಲ್ ಹುಡುಕಿ ನೋಡಬಹುದು. ಅಂಗಡಿಯಲ್ಲಿ ನಿಂತುಕೊಂಡೇ ಎರಡು ನಿಮಿಷದಲ್ಲಿ ಆಗುವ ಕೆಲಸ.

‘ಒಮ್ಮೆ 5 ಸ್ಟಾರ್ ಆದರೆ ಯಾವಾಗಲೂ 5 ಸ್ಟಾರ್’ — ಸುಳ್ಳು

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಸ್ಟಾರ್‌ನ ಅಳತೆಗೋಲನ್ನು ಬಿಇಇ ಕೆಲವು ವರ್ಷಗಳಿಗೊಮ್ಮೆ ಬಿಗಿ ಮಾಡುತ್ತದೆ. ತಂತ್ರಜ್ಞಾನ ಸುಧಾರಿಸಿದಾಗ ಎಲ್ಲ ಕಂಪನಿಗಳೂ 5 ಸ್ಟಾರ್ ಪಡೆದುಬಿಟ್ಟರೆ ಸ್ಟಾರ್‌ಗೆ ಅರ್ಥವೇ ಇರುವುದಿಲ್ಲ. ಎಲ್ಲರಿಗೂ ಡಿಸ್ಟಿಂಕ್ಷನ್ ಬಂದರೆ ಪ್ರಶ್ನೆಪತ್ರಿಕೆ ಕಷ್ಟ ಮಾಡುವ ಹಾಗೆ.

ಎಸಿಯ ಉದಾಹರಣೆ ನೋಡಿ. ಎಸಿಯ ದಕ್ಷತೆಯನ್ನು ಅಳೆಯುವ ಸಂಖ್ಯೆಗೆ ಐಎಸ್‌ಇಇಆರ್ ಎನ್ನುತ್ತಾರೆ. ಒಂದು ಸೀಸನ್‌ನಲ್ಲಿ ಎಸಿ ಎಷ್ಟು ಶಾಖ ಹೊರಹಾಕಿತು, ಅದಕ್ಕೆ ಎಷ್ಟು ವಿದ್ಯುತ್ ತಿಂದಿತು ಎಂಬುದರ ಅನುಪಾತ ಅದು. ಸಂಖ್ಯೆ ಹೆಚ್ಚಿದ್ದಷ್ಟೂ ಒಳ್ಳೆಯದು. 2018ರ ಕೋಷ್ಟಕದಲ್ಲಿ 4.5 ಇದ್ದರೆ 5 ಸ್ಟಾರ್ ಸಿಗುತ್ತಿತ್ತು. 2022ರ ಜುಲೈನಿಂದ 5 ಸ್ಟಾರ್‌ಗೆ 5.0 ಬೇಕಾಯಿತು. ಅಂದರೆ 4.5 ಇದ್ದ ಅದೇ ಎಸಿ, ಒಂದು ಸ್ಕ್ರೂ ಕೂಡ ಬದಲಾಗದೆ, 4 ಸ್ಟಾರ್ ಆಯಿತು.

ಹಾಗಾಗಿ ಪ್ರತಿ ಲೇಬಲ್ ಮೇಲೂ ‘ಲೇಬಲ್ ಅವಧಿ’ ಎಂದು ಎರಡು ದಿನಾಂಕ ಬರೆದಿರುತ್ತದೆ. ‘ಹಳೆ ಸ್ಟಾಕ್, ಭಾರಿ ರಿಯಾಯಿತಿ, 5 ಸ್ಟಾರ್’ ಎಂದು ಯಾರಾದರೂ ಹೇಳಿದರೆ ಮೊದಲು ಈ ದಿನಾಂಕ ನೋಡಿ. ರಿಯಾಯಿತಿ ತೆಗೆದುಕೊಳ್ಳಬಾರದು ಎಂದಲ್ಲ. ನೀವು ಯಾವ ವರ್ಷದ 5 ಸ್ಟಾರ್‌ಗೆ ದುಡ್ಡು ಕೊಡುತ್ತಿದ್ದೀರಿ ಎಂದು ಗೊತ್ತಿರಲಿ. ಮನೆಯಲ್ಲಿ ಈಗಾಗಲೇ ಇರುವ ಎಸಿಯ ಸ್ಟಾರ್ ಇಳಿಯಿತೆಂದು ಗಾಬರಿ ಬೇಡ. ಅದು ನಿನ್ನೆ ತಿನ್ನುತ್ತಿದ್ದಷ್ಟೇ ವಿದ್ಯುತ್ತನ್ನು ಇಂದೂ ತಿನ್ನುತ್ತದೆ.

ಇದು ನಮ್ಮ ದೇಶದ ವಿಚಿತ್ರವೂ ಅಲ್ಲ. ಯುರೋಪಿನಲ್ಲಿ ಫ್ರಿಜ್, ವಾಷಿಂಗ್ ಮಷಿನ್‌ಗಳಿಗೆ ಎ, ಬಿ, ಸಿ ಎಂದು ದರ್ಜೆ ಇದೆ. ಎಲ್ಲವೂ ಎ ದಾಟಿ, ‘ಎ’ ಮುಂದೆ ಮೂರು ಪ್ಲಸ್ ಚಿಹ್ನೆ ಹಾಕುವ ಸ್ಥಿತಿ ಬಂದಾಗ 2021ರ ಮಾರ್ಚ್‌ನಲ್ಲಿ ಅಳತೆಗೋಲನ್ನೇ ಬದಲಿಸಿ ಮತ್ತೆ ಎ ಇಂದ ಜಿ ವರೆಗೆ ಮಾಡಿದರು. ಜರ್ಮನಿಯಲ್ಲಿರುವ ನಿಮ್ಮ ಅಣ್ಣನೋ ಅಕ್ಕನೋ ‘ನಮ್ಮ ಹೊಸ ಫ್ರಿಜ್‌ಗೆ ಬರೀ ಡಿ ದರ್ಜೆ’ ಎಂದರೆ ಅದು ಕಳಪೆ ಮಾಲು ಎಂದು ತಿಳಿಯಬೇಕಿಲ್ಲ.

‘5 ಸ್ಟಾರ್ ಇದ್ದರೆ ಬಿಲ್ ಕಡಿಮೆ’ — ಯಾವಾಗಲೂ ಅಲ್ಲ

ಸ್ಟಾರ್ ಹೋಲಿಸುವುದು ಒಂದೇ ಜಾತಿಯ ವಸ್ತುಗಳನ್ನು. ದೊಡ್ಡ 5 ಸ್ಟಾರ್ ಫ್ರಿಜ್, ಚಿಕ್ಕ 3 ಸ್ಟಾರ್ ಫ್ರಿಜ್‌ಗಿಂತ ಹೆಚ್ಚು ವಿದ್ಯುತ್ ತಿನ್ನಬಹುದು. ಒಂದೂವರೆ ಟನ್‌ನ 5 ಸ್ಟಾರ್ ಎಸಿಯು ಒಂದು ಟನ್‌ನ 3 ಸ್ಟಾರ್ ಎಸಿಗಿಂತ ಹೆಚ್ಚು ತಿನ್ನಬಹುದು. ಮೈಲೇಜ್ ಚೆನ್ನಾಗಿರುವ ಬಸ್ಸಿಗೂ ಮೈಲೇಜ್ ಸಾಧಾರಣವಾಗಿರುವ ಸ್ಕೂಟರ್‌ಗಿಂತ ಹೆಚ್ಚು ಡೀಸೆಲ್ ಬೇಕಲ್ಲವೇ, ಹಾಗೆ.

ಹಾಗಾಗಿ ಮೊದಲು ನಿಮಗೆ ಬೇಕಾದ ಗಾತ್ರ ನಿರ್ಧರಿಸಿ. ಆಮೇಲೆ ಸ್ಟಾರ್ ನೋಡಿ. ಕೊನೆಗೆ ಲೇಬಲ್ ಮೇಲೆ ಬರೆದಿರುವ ವಾರ್ಷಿಕ ಯೂನಿಟ್ ಸಂಖ್ಯೆ ನೋಡಿ. ಲೇಬಲ್‌ನಲ್ಲಿ ನಿಮ್ಮ ಬಿಲ್‌ಗೆ ನೇರ ಸಂಬಂಧ ಇರುವುದು ಆ ಸಂಖ್ಯೆಗೆ.

ಅದನ್ನು ಓದುವಾಗಲೂ ಒಂದು ಎಚ್ಚರ ಬೇಕು. ಎಸಿಯ ಲೇಬಲ್ ಮೇಲಿನ ವಾರ್ಷಿಕ ಯೂನಿಟ್ ಲೆಕ್ಕ ಹಾಕಿರುವುದು ವರ್ಷಕ್ಕೆ 1,600 ಗಂಟೆ ಬಳಕೆಗೆ. ಬೆಂಗಳೂರಿನಲ್ಲಿ ಏಪ್ರಿಲ್–ಮೇನಲ್ಲಿ ರಾತ್ರಿ ಮೂರು ಗಂಟೆ ಹಾಕುವ ಮನೆಯಲ್ಲಿ ಅಷ್ಟು ಗಂಟೆ ಆಗುವುದೇ ಇಲ್ಲ. ಕಲಬುರಗಿ, ರಾಯಚೂರಿನಲ್ಲಿ ಫೆಬ್ರವರಿಯಿಂದಲೇ ಹಾಕುವ ಮನೆಯಲ್ಲಿ ಅದಕ್ಕಿಂತ ಹೆಚ್ಚೂ ಆಗಬಹುದು. ವರ್ಷಕ್ಕೆ 200 ಗಂಟೆ ಎಸಿ ಬಳಸುವವರಿಗೆ 3 ಸ್ಟಾರ್ ಸಾಕಾಗಬಹುದು. 5 ಸ್ಟಾರ್‌ಗೆ ಕೊಟ್ಟ ಹೆಚ್ಚುವರಿ ದುಡ್ಡು ಅವರಿಗೆ ವಾಪಸ್ ಬರಲು ಬಹಳ ವರ್ಷ ಬೇಕು. ದಿನವಿಡೀ ಬಳಸುವವರಿಗೆ ಲೆಕ್ಕ ತಿರುಗುಮುರುಗು.

ಫ್ರಿಜ್ ಹಾಗಲ್ಲ. ಅದು ವರ್ಷದ 365 ದಿನ, 24 ಗಂಟೆ ಪ್ಲಗ್‌ನಲ್ಲೇ ಇರುತ್ತದೆ. ಹಾಗಾಗಿ ಸ್ಟಾರ್‌ನ ಲಾಭ ಫ್ರಿಜ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ರಾತ್ರಿ ಫ್ರಿಜ್ ಆಫ್ ಮಾಡಿದರೆ ಉಳಿತಾಯ ಎಂಬ ಫಾರ್ವರ್ಡ್ ಮಾತ್ರ ನಂಬಬೇಡಿ. ಬೆಳಿಗ್ಗೆ ಆನ್ ಮಾಡಿದಾಗ ಒಳಗೆ ಸೇರಿದ ಶಾಖವನ್ನೆಲ್ಲ ಮತ್ತೆ ಹೊರಹಾಕಲು ಅದು ಹೆಚ್ಚು ಹೊತ್ತು ಓಡುತ್ತದೆ. ಉಳಿತಾಯ ಅತ್ಯಲ್ಪ. ಹಾಲು, ಮೊಸರು, ಸಾರು ಕೆಡುವ ಅಪಾಯ ಬೇರೆ.

ಗೀಸರ್‌ನ ಸ್ಟಾರ್ ಬೇರೆಯೇ ಕಥೆ

‘5 ಸ್ಟಾರ್ ಗೀಸರ್ ಅರ್ಧ ಕರೆಂಟ್‌ನಲ್ಲಿ ನೀರು ಕಾಯಿಸುತ್ತದೆ’ ಎಂಬ ಮಾತು ಸುಳ್ಳು. ಇದಕ್ಕೆ ಕಾರಣ ಭೌತಶಾಸ್ತ್ರ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 0.44 ಯೂನಿಟ್ ಬೇಕೇ ಬೇಕು. ಕಾಯಿಸುವ ಕಾಯಿಲ್ 1 ಸ್ಟಾರ್ ಗೀಸರ್‌ನಲ್ಲಿದ್ದರೂ 5 ಸ್ಟಾರ್ ಗೀಸರ್‌ನಲ್ಲಿದ್ದರೂ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಮಾಡುತ್ತದೆ.

ಹಾಗಾದರೆ ಸ್ಟಾರ್ ಯಾವುದಕ್ಕೆ? ಸ್ಟೋರೇಜ್ ಗೀಸರ್‌ನಲ್ಲಿ ಸ್ಟಾರ್ ಅಳೆಯುವುದು ಕಾದ ನೀರು ಸುಮ್ಮನೆ ನಿಂತಿರುವಾಗ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಒಳ್ಳೆಯ ಫ್ಲಾಸ್ಕ್‌ನಲ್ಲಿ ಕಾಫಿ ಸಂಜೆವರೆಗೂ ಬಿಸಿ ಇರುವಂತೆ, 5 ಸ್ಟಾರ್ ಗೀಸರ್‌ನಲ್ಲಿ ನೀರು ಹೆಚ್ಚು ಹೊತ್ತು ಬಿಸಿ ಇರುತ್ತದೆ.

ಸ್ನಾನಕ್ಕೆ ಹದಿನೈದು ನಿಮಿಷ ಮೊದಲು ಆನ್ ಮಾಡಿ, ಬಿಸಿಯಾದ ಕೂಡಲೇ ಆಫ್ ಮಾಡುವ ಮನೆಗೆ ಗೀಸರ್‌ನ ಸ್ಟಾರ್‌ನಿಂದ ಸಿಗುವ ಲಾಭ ಕಡಿಮೆ. ಇಡೀ ದಿನ ಆನ್ ಇಡುವ ಮನೆಗೆ ಲಾಭ ಹೆಚ್ಚು. ಆದರೆ ಆ ಮನೆಯವರು ಮೊದಲು ಮಾಡಬೇಕಾದದ್ದು ಸ್ವಿಚ್ ಆಫ್ ಮಾಡುವುದು. 2,000 ವ್ಯಾಟ್ ಗೀಸರ್‌ನ ಕಾಯಿಲ್ ದಿನಕ್ಕೆ ಒಟ್ಟು ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಅರ್ಧ ಗಂಟೆ ಉರಿದರೆ 30 ಯೂನಿಟ್.

ಫ್ಯಾನ್: ಎಲ್ಲರೂ ಮರೆಯುವ ಲೆಕ್ಕ

ಎಸಿ ಬಗ್ಗೆ ಇಷ್ಟು ಚರ್ಚೆ ಮಾಡುವ ನಾವು ಫ್ಯಾನ್ ಬಗ್ಗೆ ಯೋಚಿಸುವುದಿಲ್ಲ. ಆದರೆ ಎಸಿ ಇಲ್ಲದ ಮನೆಗಳೇ ಹೆಚ್ಚು, ಫ್ಯಾನ್ ಇಲ್ಲದ ಮನೆ ಅಪರೂಪ.

ಹಳೆಯ ಸಾಧಾರಣ ಸೀಲಿಂಗ್ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗಿನ ಬಿಎಲ್‌ಡಿಸಿ ಮೋಟಾರ್ ಫ್ಯಾನ್‌ಗಳು ಸುಮಾರು 30 ವ್ಯಾಟ್‌ನಲ್ಲಿ ಅದೇ ಗಾಳಿ ಕೊಡುತ್ತವೆ. ಫ್ಯಾನ್‌ಗೆ ಸ್ಟಾರ್ ಕೊಡುವುದು ಒಂದು ವ್ಯಾಟ್‌ಗೆ ಎಷ್ಟು ಗಾಳಿ ಬೀಸುತ್ತದೆ ಎಂಬ ಲೆಕ್ಕದಲ್ಲಿ.

ಮೂರು ಫ್ಯಾನ್, ದಿನಕ್ಕೆ ಹತ್ತು ಗಂಟೆ ಎಂದುಕೊಳ್ಳೋಣ. ಒಂದು ಯೂನಿಟ್ ಎಂದರೆ 1,000 ವ್ಯಾಟ್‌ನ ವಸ್ತು ಒಂದು ಗಂಟೆ ಓಡಿದಾಗ ಆಗುವ ಖರ್ಚು.

• ಹಳೆಯ ಫ್ಯಾನ್: 3 × 75 ವ್ಯಾಟ್ × 10 ಗಂಟೆ × 30 ದಿನ = 67.5 ಯೂನಿಟ್
• ಬಿಎಲ್‌ಡಿಸಿ ಫ್ಯಾನ್: 3 × 30 ವ್ಯಾಟ್ × 10 ಗಂಟೆ × 30 ದಿನ = 27 ಯೂನಿಟ್

ತಿಂಗಳಿಗೆ 40 ಯೂನಿಟ್‌ನ ವ್ಯತ್ಯಾಸ. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 240 ರೂಪಾಯಿ. ಒಮ್ಮೆಗೇ ಮೂರೂ ಬದಲಿಸಬೇಕಿಲ್ಲ. ಅತಿ ಹೆಚ್ಚು ಹೊತ್ತು ತಿರುಗುವ ಫ್ಯಾನ್ ಯಾವುದೋ ಅದರಿಂದ ಶುರು ಮಾಡಿ. ವರ್ಷಕ್ಕೆ ನಾಲ್ಕು ಸಲ ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನ್ ಹಳೆಯದೇ ಇರಲಿ.

‘ಸ್ಪೀಡ್ ಕಡಿಮೆ ಮಾಡಿದರೂ ಫ್ಯಾನ್ ಅಷ್ಟೇ ಕರೆಂಟ್ ತಿನ್ನುತ್ತದೆ’ ಎಂಬ ಮಾತೂ ಕೇಳಿರುತ್ತೀರಿ. ದೊಡ್ಡ ಚೌಕದ ಹಳೆಯ ರೆಗ್ಯುಲೇಟರ್‌ಗಳ ಕಾಲದಲ್ಲಿ ಈ ಮಾತಿಗೆ ಆಧಾರ ಇತ್ತು. ಫ್ಯಾನ್ ನಿಧಾನವಾದರೂ ಉಳಿದ ವಿದ್ಯುತ್ತಿನ ಒಂದು ಪಾಲು ರೆಗ್ಯುಲೇಟರ್‌ನಲ್ಲಿ ಶಾಖವಾಗಿ ಹೋಗುತ್ತಿತ್ತು. ಮುಟ್ಟಿದರೆ ಬಿಸಿ ಇರುತ್ತಿದ್ದದ್ದು ಅದಕ್ಕೇ. ಈಗಿನ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಸ್ಪೀಡ್ ಇಳಿಸಿದರೆ ವಿದ್ಯುತ್ತೂ ಇಳಿಯುತ್ತದೆ.

ಬಲ್ಬ್: ವ್ಯಾಟ್ ನೋಡಬೇಡಿ, ಲ್ಯೂಮೆನ್ ನೋಡಿ

‘ಹೆಚ್ಚು ವ್ಯಾಟ್ ಅಂದರೆ ಹೆಚ್ಚು ಬೆಳಕು’ ಎಂಬುದು ಬುರುಡೆ ಬಲ್ಬಿನ ಕಾಲದ ಅಭ್ಯಾಸ. ವ್ಯಾಟ್ ಎಂದರೆ ಖರ್ಚು, ಲ್ಯೂಮೆನ್ ಎಂದರೆ ಬೆಳಕು. 60 ವ್ಯಾಟ್‌ನ ಬುರುಡೆ ಬಲ್ಬ್ ಸುಮಾರು 700 ಲ್ಯೂಮೆನ್ ಬೆಳಕು ಕೊಡುತ್ತಿತ್ತು. 9 ವ್ಯಾಟ್‌ನ ಎಲ್‌ಇಡಿ ಸುಮಾರು 900 ಲ್ಯೂಮೆನ್ ಕೊಡುತ್ತದೆ. ಎಲ್‌ಇಡಿಯ ಸ್ಟಾರ್ ನಿರ್ಧಾರವಾಗುವುದು ಒಂದು ವ್ಯಾಟ್‌ಗೆ ಎಷ್ಟು ಲ್ಯೂಮೆನ್ ಎಂಬುದರ ಮೇಲೆ.

ಎಲ್‌ಇಡಿ ಅಗ್ಗವಾದ ಕಥೆಯನ್ನೂ ಇಲ್ಲಿ ನೆನೆಯಬೇಕು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ಬಲ್ಬ್ ವಿತರಣೆಯ ಯೋಜನೆ ಶುರು ಮಾಡಿತು. ಅದೇ ಮುಂದೆ ‘ಉಜಾಲಾ’ ಎಂದು ಹೆಸರಾಯಿತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಕೋಟಿಗಟ್ಟಲೆ ಬಲ್ಬ್‌ಗಳನ್ನು ಒಟ್ಟಿಗೆ ಟೆಂಡರ್ ಕರೆದು ಕೊಂಡಿದ್ದರಿಂದ, 2014ರಲ್ಲಿ ಸುಮಾರು 310 ರೂಪಾಯಿ ಇದ್ದ ಬಲ್ಬಿನ ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಈ ಯೋಜನೆಯಲ್ಲಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿಕೆಯಾಗಿವೆ.

ಇನ್ನು ‘ಝೀರೋ ಬಲ್ಬ್’. ದೇವರ ಮನೆಯಲ್ಲಿ, ಬೆಡ್‌ರೂಮಿನಲ್ಲಿ ರಾತ್ರಿಯೆಲ್ಲ ಉರಿಯುವ ಈ ಬಲ್ಬಿಗೆ ಸೊನ್ನೆ ಖರ್ಚು ಎಂದು ಎಷ್ಟೋ ಹಿರಿಯರು ಇಂದಿಗೂ ನಂಬಿದ್ದಾರೆ. ಹಳೆಯ ಬುರುಡೆ ಮಾದರಿಯ ಝೀರೋ ಬಲ್ಬ್ ನಿಜದಲ್ಲಿ 12ರಿಂದ 15 ವ್ಯಾಟ್ ತಿನ್ನುತ್ತದೆ. ಅಂದರೆ ಇಡೀ ಕೋಣೆ ಬೆಳಗುವ 9 ವ್ಯಾಟ್ ಎಲ್‌ಇಡಿಗಿಂತಲೂ ಹೆಚ್ಚು! ಅರ್ಧ ವ್ಯಾಟ್‌ನ ಎಲ್‌ಇಡಿ ನೈಟ್ ಲ್ಯಾಂಪ್ ಹಾಕಿದರೆ ಆ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ.

‘ಎಸಿ 16ಕ್ಕೆ ಇಟ್ಟರೆ ಬೇಗ ತಂಪು’ ಮತ್ತು ‘24ಕ್ಕಿಂತ ಕೆಳಗೆ ಇಟ್ಟರೆ ದಂಡ’

ಎರಡೂ ಸರಿಯಲ್ಲ.

ಮೊದಲನೆಯದು: ಸಾಧಾರಣ ಎಸಿಯ ಕಂಪ್ರೆಸರ್‌ಗೆ ಒಂದೇ ವೇಗ. 16 ಇಟ್ಟರೂ 24 ಇಟ್ಟರೂ ಅದು ಅಷ್ಟೇ ವೇಗದಲ್ಲಿ ತಂಪು ಮಾಡುತ್ತದೆ. ವ್ಯತ್ಯಾಸ ಎಂದರೆ 24ಕ್ಕೆ ಇಟ್ಟಾಗ ಕೋಣೆ ತಂಪಾದ ಮೇಲೆ ನಿಲ್ಲುತ್ತದೆ, 16ಕ್ಕೆ ಇಟ್ಟರೆ ಓಡುತ್ತಲೇ ಇರುತ್ತದೆ. ಇನ್ವರ್ಟರ್ ಎಸಿಯೂ ಬಿಸಿ ಕೋಣೆಯಲ್ಲಿ ಶುರುವಿನಲ್ಲಿ ಜೋರಾಗಿಯೇ ಓಡುತ್ತದೆ. 16ಕ್ಕೆ ಇಟ್ಟರೆ ಆಮೇಲೆ ನಿಧಾನವಾಗಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬಿಇಇಯ ಅಂದಾಜು.

ಎರಡನೆಯದು: 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ಎಲ್ಲ ಹೊಸ ಎಸಿಗಳ ‘ಡಿಫಾಲ್ಟ್’ ಉಷ್ಣಾಂಶ 24 ಡಿಗ್ರಿ ಇರಬೇಕು ಎಂಬ ನಿಯಮ ಬಂದಿದೆ. ಅದು ತಯಾರಕರಿಗೆ ಹಾಕಿದ ನಿಯಮ. ರಿಮೋಟ್ ಒತ್ತಿ ನೀವು ಬದಲಿಸಿದರೆ ಯಾರೂ ದಂಡ ಹಾಕುವುದಿಲ್ಲ. 2025ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವ ಮನೋಹರ್ ಲಾಲ್ ಖಟ್ಟರ್ ಅವರು ಎಸಿಗಳನ್ನು 20ರಿಂದ 28 ಡಿಗ್ರಿಯ ನಡುವೆ ಮಾತ್ರ ಇಡಲು ಆಗುವಂತೆ ಮಾಡುವ ಯೋಚನೆ ಇದೆ ಎಂದು ಹೇಳಿದ್ದರು. ಆ ಹೇಳಿಕೆಯೇ ಫಾರ್ವರ್ಡ್‌ಗಳಲ್ಲಿ ಬೆಳೆದು ‘ದಂಡ’ ಆಗಿಬಿಟ್ಟಿತು. ಸಚಿವರ ಹೇಳಿಕೆ ಬೇರೆ, ಗೆಜೆಟ್ ಅಧಿಸೂಚನೆ ಬೇರೆ. ಸರ್ಕಾರದ ನಿಯಮ ಎಂದು ಬರುವ ಯಾವುದೇ ಸಂದೇಶದಲ್ಲಿ ಈ ವ್ಯತ್ಯಾಸ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಪವರ್ ಸೇವರ್ ಡಬ್ಬಿ: ಒಳಗೆ ಏನಿದೆ?

ಇಂಥ ಡಬ್ಬಿಗಳನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಒಂದು ಕೆಪಾಸಿಟರ್, ಒಂದು ಸಣ್ಣ ಸರ್ಕ್ಯೂಟ್, ಹಸಿರು ದೀಪ. ಕೆಪಾಸಿಟರ್ ‘ಪವರ್ ಫ್ಯಾಕ್ಟರ್’ ಸುಧಾರಿಸುತ್ತದೆ ಎಂಬುದು ಸುಳ್ಳಲ್ಲ. ದೊಡ್ಡ ದೊಡ್ಡ ಮೋಟಾರ್ ಇರುವ ಕಾರ್ಖಾನೆಗಳು ಅದಕ್ಕಾಗಿಯೇ ಕೆಪಾಸಿಟರ್ ಬಳಸುತ್ತವೆ. ಏಕೆಂದರೆ ಪವರ್ ಫ್ಯಾಕ್ಟರ್ ಕೆಟ್ಟರೆ ಅವರಿಗೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಆದರೆ ಮನೆಯ ಮೀಟರ್ ಲೆಕ್ಕ ಹಾಕುವುದು ನಿಜವಾಗಿ ಖರ್ಚಾದ ಯೂನಿಟ್‌ಗಳನ್ನು, ಅಂದರೆ ಕಿಲೋವ್ಯಾಟ್ ಗಂಟೆಗಳನ್ನು. ಫ್ಯಾನ್ ತಿರುಗಲು, ನೀರು ಕಾಯಲು ಬೇಕಾದ ಶಕ್ತಿಯನ್ನು ಪಕ್ಕದ ಪ್ಲಗ್‌ನಲ್ಲಿರುವ ಡಬ್ಬಿ ಕಡಿಮೆ ಮಾಡಲಾರದು. ಫಾರ್ವರ್ಡ್‌ನ ವಿಡಿಯೋದಲ್ಲಿ ಮೀಟರ್‌ಗೆ ಬದಲು ಆಂಪಿಯರ್ ತೋರಿಸುವ ಕ್ಲ್ಯಾಂಪ್ ಹಿಡಿದಿರುತ್ತಾರೆ, ಗಮನಿಸಿ. ಡಬ್ಬಿ ಹಾಕಿದಾಗ ಆಂಪಿಯರ್ ಇಳಿಯುತ್ತದೆ, ಅದು ನಿಜ. ಆದರೆ ನಿಮಗೆ ಬಿಲ್ ಬರುವುದು ಆಂಪಿಯರ್‌ಗೆ ಅಲ್ಲ, ಯೂನಿಟ್‌ಗೆ. ಮೋಸ ಇರುವುದು ಅಲ್ಲಿ.

ಗೃಹಜ್ಯೋತಿ ಇದೆಯಲ್ಲ, ನಮಗೇಕೆ ಈ ಲೆಕ್ಕ?

ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದಷ್ಟೇ ಹಲವರಿಗೆ ಗೊತ್ತು. ನಿಯಮ ಸ್ವಲ್ಪ ಬೇರೆ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಮಿತಿ. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವಂತೆ ಆಮೇಲೆ ಬದಲಾಯಿಸಲಾಯಿತು.) ಉದಾಹರಣೆಗೆ ಸರಾಸರಿ 170 ಇದ್ದರೆ ಮಿತಿ 187.

• 187ರ ಒಳಗೆ ಬಳಸಿದರೆ ಸೊನ್ನೆ ಬಿಲ್.
• 187 ದಾಟಿ 200ರ ಒಳಗೆ ಇದ್ದರೆ, ದಾಟಿದಷ್ಟಕ್ಕೆ ಬಿಲ್.
• 200 ದಾಟಿದರೆ ಪೂರ್ತಿ ಬಳಕೆಗೆ ಬಿಲ್.

ಅಂದರೆ 200ರ ಹತ್ತಿರ ಇರುವ ಮನೆಗೆ ಕೊನೆಯ ಆರು ಯೂನಿಟ್ ಬಹಳ ದುಬಾರಿ. ಚಿಕ್ಕಮ್ಮನ ಮನೆಯಲ್ಲಿ ಆದದ್ದು ಇದೇ. ಆರು ಯೂನಿಟ್ ಹೆಚ್ಚಾದದ್ದಕ್ಕೆ ಸಾವಿರಕ್ಕೂ ಹೆಚ್ಚು ರೂಪಾಯಿ ಕಟ್ಟಬೇಕಾಯಿತು. ಡಬ್ಬಿಯ ಬದಲು ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ಹಾಲ್‌ನ ಒಂದು ಫ್ಯಾನ್ ಬದಲಿಸಿದ್ದರೆ ತಿಂಗಳಿಗೆ ಹದಿಮೂರು ಯೂನಿಟ್ ಉಳಿದು, ಅವರು 200ರ ಒಳಗೇ ಇರುತ್ತಿದ್ದರು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮ ಬಳಕೆ ಮಿತಿಗಿಂತ ಬಹಳ ಕೆಳಗಿದ್ದು ಸೊನ್ನೆ ಬಿಲ್ ಬರುತ್ತಿದ್ದರೆ, ದುಬಾರಿ 5 ಸ್ಟಾರ್ ವಸ್ತು ಕೊಂಡದ್ದರ ಲಾಭ ನಿಮ್ಮ ಜೇಬಿಗೆ ತಕ್ಷಣ ಕಾಣುವುದಿಲ್ಲ. ಚೆನ್ನಾಗಿ ಓಡುತ್ತಿರುವ ಫ್ಯಾನ್ ಕಿತ್ತುಹಾಕಲು ಸಾಲ ಮಾಡಬೇಡಿ. ಅದು ಕೆಟ್ಟಾಗ, ಹೊಸದು ಕೊಳ್ಳುವಾಗ ಲೇಬಲ್ ನೋಡಿ. ಅಷ್ಟು ಸಾಕು.

ಸ್ಟಾರ್ ಹೇಳದ ಸಂಗತಿಗಳು

ಸ್ಟಾರ್ ಸುರಕ್ಷತೆಯ ಗುರುತಲ್ಲ. ಗೀಸರ್‌ನಲ್ಲಿ ಶಾಕ್ ಹೊಡೆಯುವುದಿಲ್ಲ, ಒತ್ತಡಕ್ಕೆ ಟ್ಯಾಂಕ್ ಒಡೆಯುವುದಿಲ್ಲ ಎಂಬ ಭರವಸೆಗೆ ಐಎಸ್‌ಐ ಗುರುತು ನೋಡಬೇಕು. ಅದನ್ನು ಕೊಡುವುದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ. ಎಲ್‌ಇಡಿ ಬಲ್ಬ್‌ಗೂ ಬಿಐಎಸ್ ನೋಂದಣಿ ಕಡ್ಡಾಯ. ರಸ್ತೆ ಬದಿಯಲ್ಲಿ ಹತ್ತು ಇಪ್ಪತ್ತು ರೂಪಾಯಿಗೆ ಸಿಗುವ, ಯಾವ ಗುರುತೂ ಇಲ್ಲದ ಬಲ್ಬ್‌ನಲ್ಲಿ ಎರಡೂ ಇರುವುದಿಲ್ಲ.

ಬಾಳಿಕೆಯನ್ನು ಸ್ಟಾರ್ ಹೇಳುವುದಿಲ್ಲ. ಅದಕ್ಕೆ ವಾರಂಟಿ ಓದಿ, ನಿಮ್ಮ ಊರಿನಲ್ಲಿ ಸರ್ವಿಸ್ ಇದೆಯೇ ಕೇಳಿ. ಹೋಟೆಲ್‌ಗಳ ಸ್ಟಾರ್‌ಗೂ ಇದಕ್ಕೂ ಸಂಬಂಧವಿಲ್ಲ. ಆನ್‌ಲೈನ್ ಶಾಪಿಂಗ್‌ನಲ್ಲಿ ಗ್ರಾಹಕರು ಕೊಡುವ ‘4.3 ಸ್ಟಾರ್’ಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಕೊಂಡವರನ್ನು ನಾನು ನೋಡಿದ್ದೇನೆ.

ಅಂಗಡಿಗೆ ಹೋದಾಗ ಕೇಳಬೇಕಾದ ಐದು ಪ್ರಶ್ನೆ

1. ಲೇಬಲ್ ವಸ್ತುವಿನ ಮೇಲೆಯೇ ಅಂಟಿಸಿದೆಯೇ, ಬರೀ ಜಾಹೀರಾತಿನಲ್ಲಿ ಇದೆಯೇ?
2. ಲೇಬಲ್ ಅವಧಿಯ ದಿನಾಂಕ ಯಾವುದು?
3. ವರ್ಷಕ್ಕೆ ಎಷ್ಟು ಯೂನಿಟ್? ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು?
4. ನಮ್ಮ ಮನೆಗೆ ಈ ಗಾತ್ರ ನಿಜವಾಗಿ ಬೇಕೇ?
5. 3 ಸ್ಟಾರ್ ಮತ್ತು 5 ಸ್ಟಾರ್ ನಡುವಿನ ಬೆಲೆಯ ವ್ಯತ್ಯಾಸ ಎಷ್ಟು, ಯೂನಿಟ್‌ನ ವ್ಯತ್ಯಾಸ ಎಷ್ಟು? ಬೆಲೆಯ ವ್ಯತ್ಯಾಸವನ್ನು ವರ್ಷದ ಉಳಿತಾಯದಿಂದ ಭಾಗಿಸಿ. ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ ಎಂದು ಗೊತ್ತಾಗುತ್ತದೆ.

ಕೊನೆಯದಾಗಿ

ಚಿಕ್ಕಮ್ಮ ಆ ಡಬ್ಬಿಯನ್ನು ಇನ್ನೂ ಎಸೆದಿಲ್ಲ. ಹಸಿರು ದೀಪ ಚೆನ್ನಾಗಿ ಉರಿಯುತ್ತದೆ, ನೈಟ್ ಲ್ಯಾಂಪ್ ಆಗಿ ಇಟ್ಟುಕೊಂಡಿದ್ದೇನೆ ಎನ್ನುತ್ತಾರೆ. ಅವರಿಗೆ ಅದನ್ನು ಕಳಿಸಿದವರು ಕೆಟ್ಟ ಉದ್ದೇಶದಿಂದ ಕಳಿಸಿರಲಿಲ್ಲ, ಒಳ್ಳೆಯದಾಗಲಿ ಎಂದೇ ಕಳಿಸಿದ್ದರು. ಹೆಚ್ಚಿನ ಫಾರ್ವರ್ಡ್‌ಗಳು ಹರಡುವುದು ಹೀಗೆಯೇ. ಮುಂದಿನ ಸಲ ಕರೆಂಟ್ ಉಳಿಸುವ ಸಂದೇಶ ಬಂದರೆ ಕಳಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ವ್ಯಾಟ್, ಗಂಟೆ, ಯೂನಿಟ್‌ನ ಲೆಕ್ಕ ಇದೆಯೇ? ಲೆಕ್ಕ ಇದ್ದರೆ ನೀವೇ ಗುಣಿಸಿ ನೋಡಬಹುದು. ಲೆಕ್ಕವೇ ಇಲ್ಲದೆ ‘ಅರ್ಧ ಆಗುತ್ತೆ’ ಎಂದಷ್ಟೇ ಇದ್ದರೆ ಅಲ್ಲಿಗೇ ನಿಲ್ಲಿಸಿ.